ಬೈಲಾದ ಮೂರನೆಯ ಉದ್ದೇಶ

ನಮ್ಮ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸಂಘ ಹುಟ್ಟಿದ್ದು ಒಂದು ಸಾವಿನಿಂದ. ಇದನ್ನು ನಾನು ಈವರೆಗೆ ಎಲ್ಲೂ ಬರೆದಿಲ್ಲ. ಬರೆದುಕೊಡಿ ಎಂದು ಕೇಳಿದಾಗಲೂ ಬರೆಯಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಇತಿಹಾಸದಲ್ಲಿ ಎಂ.ಎ. ಮುಗಿಸಿದ ನಾವು ಇಪ್ಪತ್ತೆರಡು ಜನ ಅವರವರ ಊರು ಸೇರಿಕೊಂಡಿದ್ದೆವು. ನನಗೆ ಶಿವಮೊಗ್ಗದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತ್ತು. ಮದುವೆಯಾಗಿ ಹೊಸಮನೆಯಲ್ಲಿ ಸಂಸಾರ ಹೂಡಿದ್ದೆ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದಲ್ಲಿ ಎರಡು ವರ್ಷ ಮಲಗುತ್ತಿದ್ದವಳು ಸೊರಬದ ಕಡೆಯ ಹುಡುಗಿ. ನನ್ನ ಮದುವೆಗೆ ಅವಳು ಬರಲಿಲ್ಲ, ಒಂದು ಕಾಗದವನ್ನೂ ಹಾಕಲಿಲ್ಲ. ನನಗೆ ಸಿಟ್ಟು ಬಂದಿತ್ತು. ಯುಗಾದಿಗೆ ಗ್ರೀಟಿಂಗ್ ಕಾರ್ಡು ಕಳಿಸಿ, ಅದರ ಹಿಂದೆ ನಾಲ್ಕು ಸಾಲು ಬೈದು ಬರೆದೆ. ಹದಿನೈದು ದಿನ ಕಳೆದು ಅವಳ ಅಣ್ಣನಿಂದ ಪೋಸ್ಟ್‌ಕಾರ್ಡ್ ಬಂತು. ತಂಗಿ ತೀರಿಕೊಂಡು ಏಳು ತಿಂಗಳಾಯಿತು, ಜ್ವರ ತಲೆಗೇರಿತ್ತು, ನಿಮ್ಮ ವಿಳಾಸ ನಮ್ಮಲ್ಲಿ ಇರಲಿಲ್ಲ, ಕ್ಷಮಿಸಬೇಕು ಎಂದಿತ್ತು. ಕ್ಷಮಿಸಬೇಕು ಎಂದು ಅವರು ಬರೆದಿದ್ದರು.

ಆ ಕಾರ್ಡು ಹಿಡಿದುಕೊಂಡು ನಾನು ಭಾನುವಾರ ಭದ್ರಾವತಿಗೆ ಹೋದೆ. ನಮ್ಮ ಕ್ಲಾಸಿನ ಗೆಳೆಯನೊಬ್ಬನ ಮನೆ ಕಾಗದನಗರದ ಕ್ವಾರ್ಟರ್ಸಿನಲ್ಲಿತ್ತು. ಅವನ ತಂದೆ ಕಾಗದದ ಕಾರ್ಖಾನೆಯ ಕಾರ್ಮಿಕರು, ಪಾಳಿ ಕೆಲಸ. ಮನೆಯಲ್ಲಿ ಆಡುವುದು ತಮಿಳು. ಆದರೆ ನಮ್ಮ ಇಡೀ ತರಗತಿಯಲ್ಲಿ ಹಳಗನ್ನಡದ ಶಾಸನವನ್ನು ತಡವರಿಸದೆ ಓದುತ್ತಿದ್ದವನು ಅವನೊಬ್ಬನೇ. ಮೊದಲ ರ‍್ಯಾಂಕು ಅವನದೇ. ಭದ್ರಾವತಿಯ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕನಾಗಿದ್ದ. ಇನ್ನೇನು ಕಾಯಂ ಆಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು.

ಅವನು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಪದಕ್ಕೆ ಕತ್ತು ಸರಿಸುತ್ತಾ ಓದಿದ. ಓದಿ ಮುಗಿಸಿದ ಮೇಲೂ ಕೆಳಗಿಡಲಿಲ್ಲ.

"ಏಳು ತಿಂಗಳು ಮಾರಾಯ್ತಿ," ಅಂದ. "ಏಳು ತಿಂಗಳು ಅವಳು ಇದಾಳೆ ಅಂದ್ಕೊಂಡೇ ಓಡಾಡಿದ್ವಲ್ಲ ನಾವು."

ನಾನು ಅಳುತ್ತಿದ್ದೆ. ಅವನ ತಾಯಿ ಕಾಫಿ ತಂದಿಟ್ಟು, ಯಾರು ಏನು ಎಂದು ಕೇಳದೆ ನನ್ನ ಪಕ್ಕದಲ್ಲಿ ಕೂತು ಬೆನ್ನು ಸವರಿದರು. ಆ ತಾಯಿ ತಮಿಳಿನ ಅಕ್ಕರೆಯಲ್ಲಿ ಎಲ್ಲರನ್ನೂ "ಕಣ್ಣು" ಎಂದೇ ಕರೆಯುತ್ತಿದ್ದರು. "ಅಳ್ಬೇಡ ಕಣ್ಣು, ಕಾಫಿ ಕುಡಿ," ಅಂದರು.

ಗೆಳೆಯ ಕಾರ್ಡನ್ನು ನನಗೆ ವಾಪಸು ಕೊಟ್ಟು ಅಂದ: "ಒಂದು ಪುಸ್ತಕ ಇಡ್ಬೇಕು ಕಣೇ. ನಮ್ಮ ಯೂನಿವರ್ಸಿಟೀಲಿ ಓದಿದೋರು ಎಲ್ಲೆಲ್ಲಿದಾರೆ, ಹೇಗಿದಾರೆ ಅಂತ. ಒಬ್ಬರಿಗೆ ಏನಾದ್ರೂ ಆದ್ರೆ ಇನ್ನೊಬ್ಬರಿಗೆ ಗೊತ್ತಾಗ್ಬೇಕು. ಅಷ್ಟಾದ್ರೂ ಆಗ್ಬೇಕು."

ಆ ಪುಸ್ತಕವೇ ಸಂಘವಾಯಿತು. ಉದ್ದನೆಯ ಲೆಡ್ಜರ್ ಒಂದನ್ನು ಕೊಂಡು ಅದಕ್ಕೆ ಕಂದು ರಟ್ಟು ಹಾಕಿ ಅವನು ವಿಳಾಸಗಳನ್ನು ಬರೆಯತೊಡಗಿದ. ಸಿಕ್ಕವರ ಕೈಯಲ್ಲಿ ಇನ್ನೊಬ್ಬರ ವಿಳಾಸ ಕೇಳುತ್ತಿದ್ದ, ಆ ಇನ್ನೊಬ್ಬರಿಗೆ ಕಾರ್ಡು ಹಾಕುತ್ತಿದ್ದ. ಭಾನುವಾರಗಳಲ್ಲಿ ತೀರ್ಥಹಳ್ಳಿ, ತರೀಕೆರೆ, ಹೊನ್ನಾಳಿಯ ಬಸ್ಸು ಹತ್ತುತ್ತಿದ್ದ. ಒಂದು ವರ್ಷದಲ್ಲಿ ಮುನ್ನೂರರ ಮೇಲೆ ಹೆಸರುಗಳಾದವು.

ಸಂಘ ಅಂದ ಮೇಲೆ ನೋಂದಣಿ ಆಗಬೇಕು, ಅದಕ್ಕೊಂದು ಬೈಲಾ ಬೇಕು ಎಂದವರು ನಮಗಿಂತ ಹಿರಿಯ ಬ್ಯಾಚಿನವರೊಬ್ಬರು. ಎಂ.ಎ. ಆದ ಮೇಲೆ ಕಾನೂನು ಓದಿ ಶಿವಮೊಗ್ಗದಲ್ಲಿ ವಕೀಲರಾಗಿದ್ದರು. ಜಮೀನಿದ್ದ ಮನೆತನ, ಊರಲ್ಲಿ ನಾಲ್ಕು ಜನ ಅವರ ಮಾತು ಕೇಳುತ್ತಿದ್ದರು. ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದೆವು. ನಾನು ಕಾರ್ಯದರ್ಶಿಯಾದೆ. ಗೆಳೆಯ ಯಾವ ಹುದ್ದೆಯನ್ನೂ ಒಪ್ಪಲಿಲ್ಲ. ನನಗೆ ಪುಸ್ತಕ ಸಾಕು ಅಂದ.

ಬೈಲಾ ಬರೆದದ್ದು ಅಧ್ಯಕ್ಷರ ಆಫೀಸಿನ ಮುಂಗೋಣೆಯಲ್ಲಿ. ಉದ್ದೇಶಗಳು ಎಂಬ ತಲೆಬರಹದ ಕೆಳಗೆ ಮೊದಲನೆಯದು, ಹಳೆಯ ವಿದ್ಯಾರ್ಥಿಗಳ ನಡುವೆ ಸಂಪರ್ಕ ಇಟ್ಟುಕೊಳ್ಳುವುದು. ಎರಡನೆಯದು, ವಿಶ್ವವಿದ್ಯಾಲಯದ ಏಳಿಗೆಗೆ ದುಡಿಯುವುದು. ಇವೆರಡನ್ನೂ ಅಧ್ಯಕ್ಷರೇ ಹೇಳಿ ಬರೆಸಿದರು. ಮೂರನೆಯದನ್ನು ಗೆಳೆಯ ಹೇಳಿದ: "ಸದಸ್ಯರಲ್ಲಿ ಯಾರಿಗೇ ಕಷ್ಟ ಬಂದರೂ ಉಳಿದವರು ಜೊತೆಗೆ ನಿಲ್ಲುವುದು."

ಅಧ್ಯಕ್ಷರು ಪೆನ್ನು ಕೆಳಗಿಟ್ಟು ನಕ್ಕರು. "ಇದು ಬೈಲಾ ಭಾಷೆ ಅಲ್ಲ ಮಾರಾಯ. ಜೊತೆಗೆ ನಿಲ್ಲೋದು ಅಂದ್ರೆ ಏನು? ನಾಳೆ ಯಾರಾದ್ರೂ ಅರ್ಥ ಕೇಳಿದ್ರೆ ಏನು ಹೇಳ್ತೀಯ?"

"ಅರ್ಥ ಆಗ್ದೇ ಇರೋ ಅಂಥದ್ದು ಏನಿದೆ ಸಾರ್ ಅದ್ರಲ್ಲಿ? ನಿಲ್ಲೋದು. ಅಷ್ಟೇ."

ಹಾಗೇ ಉಳಿಯಿತು.

ಮೊದಲ ಸಮಾವೇಶ ಗಾಜನೂರಿನಲ್ಲಿ ನಡೆಯಿತು. ಅಣೆಕಟ್ಟಿನ ಹತ್ತಿರ ಮರಗಳ ಕೆಳಗೆ ಜಮಖಾನ ಹಾಸಿ ಕೂತೆವು. ಅರವತ್ತು ಜನ ಬಂದಿದ್ದರು. ಯಾರೂ ಭಾಷಣ ಮಾಡಲಿಲ್ಲ. ಗೆಳೆಯ ಪುಸ್ತಕ ನೋಡಿಕೊಂಡು ಒಂದೊಂದೇ ಹೆಸರು ಕೂಗಿದ. ಬಂದವರು ಎದ್ದು ನಿಂತು ಈಗ ಎಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ ಎಂದು ಹೇಳಿ ಕೂರಬೇಕು. ಕೆಲಸ ಸಿಗದವರು ಸಿಗಲಿಲ್ಲ ಎಂದೇ ಹೇಳಿದರು. ಒಬ್ಬ, ನಾನು ಅಡಿಕೆ ಮಂಡಿಯಲ್ಲಿ ಚೀಟಿ ಬರೀತೀನಿ, ಎಂ.ಎ. ಆಗಿದೆ ಅಂತ ಅಲ್ಲಿ ಹೇಳಿಲ್ಲ ಅಂದ. ಎಲ್ಲರೂ ನಕ್ಕೆವು, ಅವನೂ ನಕ್ಕ. ಸೊರಬದ ಹುಡುಗಿಯ ಹೆಸರು ಬಂದಾಗ ಗೆಳೆಯ ಕೂಗಿ, ಸ್ವಲ್ಪ ಹೊತ್ತು ನಿಲ್ಲಿಸಿ, ಮುಂದಿನ ಹೆಸರಿಗೆ ಹೋದ. ಮನೆಯಿಂದ ತಂದ ಚಿತ್ರಾನ್ನ, ಮೊಸರನ್ನಗಳನ್ನು ಹಂಚಿಕೊಂಡು ತಿಂದೆವು. ಆ ಸಂಘದಲ್ಲಿ ನಾನು ಕಂಡ ಒಳ್ಳೆಯ ದಿನ ಅದೊಂದೇ.

ಹೊರಡುವಾಗ ಹೊತ್ತು ಮುಳುಗುತ್ತಿತ್ತು. ಬಸ್ಸಿನ ರಸ್ತೆಗೆ ನಡೆಯುವಾಗ ಗೆಳೆಯ ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಂಡ. ವಿಶ್ವವಿದ್ಯಾಲಯದಲ್ಲೂ ಹಾಗೆ ಮಾಡುತ್ತಿದ್ದ, ಲೈಬ್ರರಿಯಿಂದ ಸಂಜೆ ಬರುವಾಗ. ತಮಾಷೆ ಎಂದುಕೊಂಡಿದ್ದೆ. ಆವತ್ತು ಅವನ ಹೆಜ್ಜೆ ಗಮನಿಸಿದೆ. ನೀರಿನಲ್ಲಿ ಇಳಿಯುವವನ ಹಾಗೆ ಕಾಲು ಇಡುತ್ತಿದ್ದ.

"ಕಣ್ಣು ತೋರಿಸಿದ್ಯಾ?"

"ತೋರಿಸ್ದೆ. ಒಳಗಿನ ಪರದೆ ಸವೀತಾ ಹೋಗುತ್ತಂತೆ. ಔಷಧಿ ಇಲ್ಲ ಅಂದ್ರು." ಪಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿದ. "ಎದುರಿಗಿರೋದು ಕಾಣುತ್ತೆ ಇನ್ನೂ. ಪಕ್ಕದ್ದು ಕಾಣಲ್ಲ. ನೀನು ಯಾರಿಗೂ ಹೇಳ್ಬೇಡ, ಕಾಲೇಜಲ್ಲಿ ಗೊತ್ತಾದ್ರೆ ಕಷ್ಟ."

ನಾನು ಹೇಳಲಿಲ್ಲ.

ಮುಂದಿನ ಐದಾರು ವರ್ಷಗಳಲ್ಲಿ ಸಂಘ ಬೆಳೆಯಿತು. ಸಮಾವೇಶ ಗಾಜನೂರಿನಿಂದ ಶಿವಮೊಗ್ಗದ ಕಲ್ಯಾಣ ಮಂಟಪಕ್ಕೆ ಬಂತು. ಜಮಖಾನ ಹೋಗಿ ಕುರ್ಚಿಗಳು ಬಂದವು, ವೇದಿಕೆ ಬಂತು, ವೇದಿಕೆಯ ಮೇಲೆ ಕೂರುವವರು ಬಂದರು. ದೊಡ್ಡ ಹುದ್ದೆಗೆ ಹೋದ ಹಳೆಯ ವಿದ್ಯಾರ್ಥಿಗಳಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವ ಪದ್ಧತಿ ಶುರುವಾಯಿತು. ಹೆಸರು ಕೂಗುವುದು ನಿಂತಿತು. ಅಷ್ಟು ಜನರದ್ದು ಕೂಗುತ್ತಾ ಕೂತರೆ ಊಟ ತಡವಾಗುತ್ತದೆ ಎಂದರು. ಅಡಿಕೆ ಮಂಡಿಯವನು ಬರುವುದನ್ನು ಬಿಟ್ಟ. ಅವನಂಥವರು ಒಬ್ಬೊಬ್ಬರಾಗಿ ಬಿಟ್ಟರು. ಯಾರೂ ಅವರನ್ನು ಬರಬೇಡಿ ಎನ್ನಲಿಲ್ಲ. ಹೊಸ ಶರ್ಟು ಹಾಕಿಕೊಂಡು ಬಂದು, ಇನ್ನೊಬ್ಬರಿಗೆ ಶಾಲು ಹೊದಿಸುವುದನ್ನು ನೋಡಿ, ಊಟ ಮಾಡಿ ಹೋಗುವುದು ಎಷ್ಟು ಸಲ ಸಾಧ್ಯ? ವಿಳಾಸದ ಪುಸ್ತಕವನ್ನು ಒಂದು ಡಿ.ಟಿ.ಪಿ. ಸೆಂಟರಿಗೆ ಕೊಟ್ಟು ಕಂಪ್ಯೂಟರಿಗೆ ಹಾಕಿಸಿದೆವು. ಅಂಟಿಸುವುದಕ್ಕೆ ಲೇಬಲ್‌ಗಳೇ ಬರುತ್ತಿದ್ದವು. ಅದು ಕೆಟ್ಟ ಕೆಲಸವೇನಲ್ಲ. ಆದರೆ ಅದಾದ ಮೇಲೆ ಗೆಳೆಯನಿಗೆ ಸಂಘದಲ್ಲಿ ಮಾಡುವುದಕ್ಕೆ ಏನೂ ಉಳಿಯಲಿಲ್ಲ.

ಕಾಲೇಜಿನಲ್ಲಿ ಅವನ ಕೆಲಸ ಕಾಯಂ ಆಗಲಿಲ್ಲ. ನೋಟ್ಸ್ ನೋಡದೆ ಪಾಠ ಮಾಡುತ್ತಿದ್ದುದರಿಂದ ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಹೇಗೆ ಎಂದು ಅವನೇ ನನಗೆ ಹೇಳಿದ. ಒಂದು ಮಧ್ಯಾಹ್ನ ಕಲ್ಯಾಣದ ಚಾಲುಕ್ಯರ ಪಾಠ ಮಾಡುತ್ತಿದ್ದ. ಕ್ಲಾಸು ಬಹಳ ಶಾಂತವಾಗಿದೆ ಎಂದು ಖುಷಿಯಾಗಿ ಇನ್ನಷ್ಟು ವಿವರವಾಗಿ ಹೇಳಿದ. ಬೆಲ್ ಹೊಡೆದ ಮೇಲೂ ಪ್ರಶ್ನೆ ಇದ್ದರೆ ಕೇಳಿ ಅಂದ. ಬಾಗಿಲಲ್ಲಿ ನಿಂತಿದ್ದ ಜವಾನ ಒಳಗೆ ಬಂದು ಮೆಲ್ಲಗೆ ಹೇಳಿದನಂತೆ: "ಸಾರ್, ಒಳಗೆ ಯಾರೂ ಇಲ್ಲ. ಹುಡುಗ್ರು ಹಿಂದಿನ ಬಾಗಿಲಿಂದ ಹೋಗಿ ಅರ್ಧ ಗಂಟೆ ಆಯ್ತು."

"ಆ ಜವಾನ ನನ್ನ ಕೈ ಹಿಡ್ಕೊಂಡು ಸ್ಟಾಫ್ ರೂಮಿಗೆ ಕರ್ಕೊಂಡು ಹೋದ," ಅಂದ ಗೆಳೆಯ. "ದಾರಿ ನಂಗೆ ಗೊತ್ತಿತ್ತು. ಆದ್ರೂ ಬಿಡು ಅನ್ನೋಕೆ ಆಗ್ಲಿಲ್ಲ."

ಮರುವರ್ಷ ಆ ಕಾಲೇಜಿನಿಂದ ಅವನಿಗೆ ಕರೆ ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸರ್ಕಾರಿ ಉಪನ್ಯಾಸಕರ ನೇಮಕಾತಿಗೆ ಪರೀಕ್ಷೆ ಎಂದು ಸುದ್ದಿಯಾಯಿತು. ಅಂಗವಿಕಲರಿಗೆ ಮೀಸಲಾತಿ ಇತ್ತು. ಅವನ ವಯಸ್ಸಿಗೆ ಅದು ಕೊನೆಯ ಅವಕಾಶ. ಅಷ್ಟರಲ್ಲಿ ಅವನಿಗೆ ಅಚ್ಚಿನ ಅಕ್ಷರ ಕಾಣುವುದು ನಿಂತಿತ್ತು. ತಾಯಿಗೆ ಕನ್ನಡ ಓದಲು ಬಾರದು. ತಂದೆ ಪಾಳಿ ಮುಗಿಸಿ ಬಂದು ಪುಸ್ತಕ ಹಿಡಿದರೆ ಎರಡನೇ ಪುಟಕ್ಕೆ ನಿದ್ದೆ. ಇದ್ದೊಬ್ಬಳು ತಂಗಿ ಮದುವೆಯಾಗಿ ದೂರ ಹೋಗಿದ್ದಳು.

ಆಗ ಅವನು ಸಂಘಕ್ಕೆ ಒಂದು ಪತ್ರ ಬರೆದ. ಪಕ್ಕದ ಕ್ವಾರ್ಟರ್ಸಿನ ಶಾಲೆಯ ಹುಡುಗಿಯ ಕೈಲಿ ಬರೆಸಿದ್ದು, ದುಂಡನೆಯ ಅಕ್ಷರ. ಅವನು ಕೇಳಿದ್ದು ಇಷ್ಟೇ. ಪರೀಕ್ಷೆಯಲ್ಲಿ ಬರೆಯುವವರನ್ನು ಪರೀಕ್ಷೆಯವರೇ ಕೊಡುತ್ತಾರೆ. ನನಗೆ ಬೇಕಾಗಿರುವುದು ಓದುವವರು. ಒಟ್ಟು ಮೂವತ್ತು ಅಧ್ಯಾಯಗಳಿವೆ. ಶಿವಮೊಗ್ಗ, ಭದ್ರಾವತಿಯಲ್ಲೇ ನಮ್ಮ ಸದಸ್ಯರು ಮೂವತ್ತಕ್ಕಿಂತ ಹೆಚ್ಚಿದ್ದಾರೆ. ಒಬ್ಬೊಬ್ಬರು ಒಂದೊಂದು ಅಧ್ಯಾಯವನ್ನು ಕ್ಯಾಸೆಟ್ಟಿಗೆ ಓದಿಕೊಟ್ಟರೆ ಸಾಕು. ಖಾಲಿ ಕ್ಯಾಸೆಟ್ ನಾನೇ ಕೊಡುತ್ತೇನೆ. ಯಾರು ಯಾವ ಅಧ್ಯಾಯ ಓದಬಹುದು ಎಂದು ಕೆಳಗೆ ಬರೆಸಿದ್ದೇನೆ.

ಕೆಳಗೆ ಮೂವತ್ತು ಹೆಸರುಗಳಿದ್ದವು. ಯಾರು ಏನು ಚೆನ್ನಾಗಿ ಓದಿದ್ದರು, ಯಾರ ಪ್ರಬಂಧ ಯಾವ ವಿಷಯದ ಮೇಲಿತ್ತು ಎಂದು ನೆನಪಿಟ್ಟುಕೊಂಡು ಹೊಂದಿಸಿದ್ದ. ನನ್ನ ಹೆಸರಿನ ಮುಂದೆ ಕೆಳದಿ ಅರಸರ ಆಡಳಿತ ಎಂದಿತ್ತು.

ಆ ಪತ್ರವನ್ನು ಕಾರ್ಯಕಾರಿ ಸಮಿತಿಯ ಸಭೆಯಲ್ಲಿಟ್ಟೆ. ಆವತ್ತಿನ ವಿಷಯಪಟ್ಟಿಯಲ್ಲಿ ಸಮಾವೇಶದ ದಿನ ಗೊತ್ತು ಮಾಡುವುದು, ಮುಖ್ಯ ಅತಿಥಿಗಳು, ಸನ್ಮಾನಿತರು, ಸ್ಮರಣ ಸಂಚಿಕೆ ಇವೆಲ್ಲ ಇದ್ದವು. ಕೊನೆಗೆ, ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು. ಪತ್ರವನ್ನು ಅದರಲ್ಲಿ ಸೇರಿಸಿದವಳು ನಾನೇ. ಮೊದಲಿಗೇ ಇಡಬಹುದಿತ್ತು. ಹಾಗೆ ನನಗೆ ತೋಚಲೇ ಇಲ್ಲ. ಮುಖ್ಯ ಅತಿಥಿ ಯಾರಾಗಬೇಕು ಎಂಬುದರಲ್ಲೇ ಮಧ್ಯಾಹ್ನವಾಯಿತು. ಪತ್ರ ಓದಿದಾಗ ಎಲ್ಲರಿಗೂ ಹಸಿವಾಗಿತ್ತು.

"ಪಾಪ," ಅಂದರು ಒಬ್ಬರು. "ಒಳ್ಳೆ ಕೆಲಸ, ಮಾಡ್ಬೇಕು," ಅಂದರು ಇನ್ನೊಬ್ಬರು. ಕಣ್ಣಿಲ್ಲದವರಿಗೆ ಅಂತ್ಲೇ ಸಂಸ್ಥೆಗಳಿವೆಯಲ್ಲ, ಅವರಿಗೆ ಬರೆದರೆ ಹೇಗೆ ಎಂದು ಮತ್ತೊಬ್ಬರು ಕೇಳಿದರು.

ಅಧ್ಯಕ್ಷರು ಕೈಗಡಿಯಾರ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. "ಹಿಂಗೆ ಬಿಡಿಬಿಡಿಯಾಗಿ ಮಾಡೋದು ಬೇಡ. ಒಂದು ಉಪಸಮಿತಿ ಮಾಡಿ, ವ್ಯವಸ್ಥಿತವಾಗಿ ಮಾಡೋಣ. ಮುಂದಿನ ಸಭೆಗೆ ತನ್ನಿ ಮೇಡಂ," ಅಂದರು.

'ಈ ವಿಷಯವನ್ನು ಮುಂದಿನ ಸಭೆಯಲ್ಲಿ ಚರ್ಚಿಸಲು ತೀರ್ಮಾನಿಸಲಾಯಿತು' ಎಂದು ನಡಾವಳಿ ಪುಸ್ತಕದಲ್ಲಿ ಬರೆದೆ. ಮುಂದಿನ ಸಭೆ ಸಮಾವೇಶದ ಗಡಿಬಿಡಿಯಲ್ಲಿ ನಡೆಯಿತು. ಆಗಲೂ ಅದೇ ವಾಕ್ಯ ಬರೆದೆ. ಅದರ ಮುಂದಿನ ಸಭೆಗೆ ಕೋರಂ ಆಗಲಿಲ್ಲ. ಅಧ್ಯಕ್ಷರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಮೂವತ್ತು ಹೆಸರು ನನ್ನ ಕೈಯಲ್ಲಿತ್ತು. ಫೋನು ಮನೆಯಲ್ಲಿತ್ತು. ಉಪಸಮಿತಿ ಇಲ್ಲದೆಯೇ ಒಬ್ಬೊಬ್ಬರನ್ನಾಗಿ ಕೇಳಬಹುದಿತ್ತು. ಮಾವನವರು ಪಾರ್ಶ್ವವಾಯು ಹೊಡೆದು ಮಲಗಿದ್ದರು, ಮೌಲ್ಯಮಾಪನಕ್ಕೆ ಹೋಗಬೇಕಿತ್ತು, ಇವೆಲ್ಲ ಇದ್ದದ್ದು ನಿಜ. ಆದರೂ ದಿನಕ್ಕೆ ಎರಡು ಫೋನು ಮಾಡಲಾರದಷ್ಟು ಕೆಲಸ ಯಾರಿಗೂ ಇರುವುದಿಲ್ಲ.

ಒಂದು ದಿನ ಅವನೇ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ.

"ಏನಾಯ್ತು ನನ್ನ ಕಾಗದ?"

"ಮುಂದಿನ ಮೀಟಿಂಗಲ್ಲಿ ಬರುತ್ತೆ ಕಣೋ. ಉಪಸಮಿತಿ ಮಾಡ್ತಾರಂತೆ."

"ಮುಂದಿನ ಮೀಟಿಂಗಿಗಿಂತ ಮುಂಚೆ ಪರೀಕ್ಷೆ ಇದೆ ಮಾರಾಯ್ತಿ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗ್ಲಿ, ನಿನ್ನ ಅಧ್ಯಾಯ ಒಂದನ್ನ ಓದಿಕೊಡು. ಕೆಳದಿಯಿಂದ ಒಂದು ಪ್ರಶ್ನೆ ಬಂದೇ ಬರುತ್ತೆ."

ಕ್ಯಾಸೆಟ್ಟು ಭದ್ರಾವತಿಯಿಂದ ಓಡಾಡುವ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರ ಕೈಲಿ ಬಂತು. ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಓದಲು ಕೂತೆ. ಮೂವತ್ತು ಪುಟದ ಅಧ್ಯಾಯ. ನಡುವೆ ಮಾವನವರು ಕರೆದರು, ಕುಕ್ಕರ್ ಕೂಗಿತು, ಯಜಮಾನರು ಏನೋ ಕೇಳಿದರು. ಹದಿನಾಲ್ಕು ಪುಟ ಓದುವಷ್ಟರಲ್ಲಿ ಗಂಟಲು ಒಣಗಿತು. ಉಳಿದದ್ದನ್ನು ನಾಳೆ ಓದೋಣ ಎಂದು ಎದ್ದೆ. ಆ ನಾಳೆ ಮೂರು ವಾರ ಆಯಿತು. ಕೊನೆಗೆ ಅರ್ಧಕ್ಕೇ ನಿಂತ ಕ್ಯಾಸೆಟ್ಟನ್ನೇ ಕಳಿಸಿದೆ. ಉಳಿದದ್ದು ಆಮೇಲೆ ಕಳಿಸುತ್ತೇನೆ ಎಂದು ಚೀಟಿ ಇಟ್ಟೆ. ಆ ಚೀಟಿಯನ್ನು ಅವನಿಗೆ ಯಾರು ಓದಿ ಹೇಳಬೇಕು ಎಂದು ಆಗ ಹೊಳೆಯಲಿಲ್ಲ.

ಅವನ ತಂದೆ ಪಾಳಿಗೆ ರಜೆ ಹಾಕಿ ಮಗನನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿದ್ದರು. ಅವನಿಗೆ ಆ ಕೆಲಸ ಸಿಗಲಿಲ್ಲ. ಮುಂದಿನ ಸಲ ಅರ್ಜಿ ಕರೆದಾಗ ವಯಸ್ಸು ಮೀರಿತ್ತು. ಈ ವಿಷಯ ನನಗೆ ಬೇರೆಯವರಿಂದ ಗೊತ್ತಾಯಿತು. ನಾನು ಹೋಗಿ ಮಾತಾಡಿಸಲಿಲ್ಲ. ಏನೆಂದು ಮಾತಾಡಿಸುವುದು ಎಂದುಕೊಳ್ಳುತ್ತಾ ನಾಲ್ಕು ವರ್ಷ ಕಳೆದೆ.

ಆ ನಾಲ್ಕು ವರ್ಷ ಆದ ಮೇಲೆ ವಿಶ್ವವಿದ್ಯಾಲಯದಿಂದ ಫೋನು ಬಂತು. ಹೊರಗಿನಿಂದ ಪರಿಶೀಲನಾ ಸಮಿತಿ ಬರುತ್ತದೆ, ಹಳೆಯ ವಿದ್ಯಾರ್ಥಿಗಳ ಸಂಘ ಚಟುವಟಿಕೆಯಿಂದ ಇದೆ ಎಂದು ತೋರಿಸಬೇಕು. "ಸಂಘದ ಇತಿಹಾಸ, ಉದ್ದೇಶ ಎರಡು ಪುಟದಲ್ಲಿ ಬರ್ಕೊಡಿ ಮೇಡಂ. ಪುಸ್ತಿಕೆ ಪ್ರಿಂಟ್ ಮಾಡಿಸ್ತೀವಿ," ಅಂದರು ಅಲ್ಲಿನ ಪ್ರಾಧ್ಯಾಪಕರು. ಅಧ್ಯಕ್ಷರಿಗೆ ಹೇಳಿದರೆ, "ಶುರುವಿನಿಂದ ಇರೋರು ನೀವೇ ಅಲ್ವಾ, ಬರೀರಿ," ಅಂದರು.

ಬರೆಯಲು ಕೂತರೆ ಮೊದಲ ವರ್ಷಗಳ ವಿವರಗಳೇ ನೆನಪಾಗಲಿಲ್ಲ. ಅವನನ್ನು ಕೇಳದೆ ಬೇರೆ ದಾರಿ ಇರಲಿಲ್ಲ. ಅಥವಾ ಹೋಗುವುದಕ್ಕೆ ನನಗೊಂದು ನೆಪ ಸಿಕ್ಕಿತು.

ಕಾಗದನಗರದಲ್ಲಿ ಅವರ ಸಾಲಿನ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ಅಂಗಳದಲ್ಲಿ ಹುಲ್ಲು ಬೆಳೆದಿತ್ತು. ಅವನು ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದ. ಗೇಟಿನ ಸದ್ದಿಗೆ ಮುಖ ತಿರುಗಿಸಿದ. ನಾನು "ಹೇಗಿದೀಯೋ?" ಅಂದ ಕೂಡಲೇ, "ಬಾರೇ, ಒಳಗೆ ಬಾ," ಅಂದ, ನಿನ್ನೆ ಬಂದು ಹೋದವಳನ್ನು ಕರೆಯುವ ಹಾಗೆ. ತಲೆ ಪೂರ್ತಿ ಬೆಳ್ಳಗಾಗಿತ್ತು.

ಬಂದ ಕಾರಣ ಹೇಳಿದೆ. ಅವನು ಬೇಸರವಿಲ್ಲದೆ ಎಲ್ಲವನ್ನೂ ಹೇಳಿದ. ಮೊದಲ ಸಭೆಗೆ ಎಷ್ಟು ಜನ ಬಂದಿದ್ದರು, ಯಾರ ಮನೆಯಲ್ಲಿ ಎರಡನೆಯ ಸಭೆ ನಡೆಯಿತು, ಯಾವ ಬ್ಯಾಚಿನವರು ಮೊದಲು ಸೇರಿದರು. ಬರೆದುಕೊಂಡೆ.

"ಉದ್ದೇಶ ಏನಂತ ಬರೀಲಿ?" ಅಂದೆ. ಕೇಳಬಾರದಿತ್ತು.

"ಬೈಲಾದಲ್ಲಿ ಇರೋದನ್ನೇ ಬರಿ."

"ಮೂರನೇದೂ ಬರೀಲಾ?"

ಅವನು ರೇಡಿಯೋದ ಗುಂಡಿ ತಿರುಗಿಸಿ ಸದ್ದು ಕಡಿಮೆ ಮಾಡಿದ. "ಬರಿ. ಓದೋಕೆ ಚೆನ್ನಾಗಿರುತ್ತೆ."

ಒಳಗೆ ಅವನ ತಾಯಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ತಂದೆ ನಿವೃತ್ತರಾಗಿದ್ದರು, ಕ್ವಾರ್ಟರ್ಸ್ ಬಿಡಬೇಕಿತ್ತು. ತಮಿಳು ಸೀಮೆಯಲ್ಲಿ ನನ್ನ ತಮ್ಮನ ಮನೆ ಇದೆ, ಅಲ್ಲಿಗೆ ಹೋಗುತ್ತೇವೆ ಅಂದರು ತಾಯಿ. ಕಾಫಿ ಕೊಡುವಾಗ ಆ ತಾಯಿ ಹೇಳಿದರು: "ನಿನ್ ದನಿ ನಮ್ಮನೇಲಿ ದಿನಾ ಇತ್ತು ಕಣ್ಣು. ಪರೀಕ್ಷೆ ಮುಗಿಯೋ ತನಕ ದಿನಾ ನಿನ್ ಕ್ಯಾಸೆಟ್ಟೇ. ನಂಗೇ ಬಾಯಿಪಾಠ ಆಗೋಯ್ತು."

"ಬೇರೆಯವರ ಕ್ಯಾಸೆಟ್ಟು?" ಎಂದು ಕೇಳಿದೆ.

"ಬೇರೆ ಯಾರದ್ದೂ ಬರಲಿಲ್ಲ," ಅಂದ ಗೆಳೆಯ. ಎದ್ದು ಒಳಗೆ ಹೋಗಿ, ಗೋಡೆಯ ಗೂಡಿನಿಂದ ಕ್ಯಾಸೆಟ್ಟು ತಂದು ನನ್ನ ಕಡೆ ಚಾಚಿದ. "ತಗೋ, ನೀನೇ ಇಟ್ಕೋ. ಸಾಮಾನು ಕಟ್ಟೋ ಗಲಾಟೇಲಿ ಎಲ್ಲಾದ್ರೂ ಹೋಗುತ್ತೆ."

ಮರುದಿನ ಕಾಲೇಜಿಗೆ ರಜೆ ಇತ್ತು. ಮಧ್ಯಾಹ್ನ ಒಬ್ಬಳೇ ಇದ್ದಾಗ ಕ್ಯಾಸೆಟ್ಟು ಹಾಕಿದೆ. ನನ್ನದೇ ದನಿ, ಪಾಠ ಓದುವ ದನಿ. ಸ್ವಲ್ಪ ಹೊತ್ತಿಗೆ ಕುಕ್ಕರ್ ಕೂಗಿತು. ಆಮೇಲೆ ಪಕ್ಕದ ಕೋಣೆಯಿಂದ ಯಜಮಾನರು ಕೇಳುವುದು ಸಣ್ಣಗೆ ಕೇಳಿಸಿತು: "ಇನ್ನೂ ಎಷ್ಟೊತ್ತು ನಿಂದು?" ಆವತ್ತು ಟೇಪ್ ನಿಲ್ಲಿಸಿ ಉತ್ತರ ಕೊಟ್ಟಿದ್ದೆ ಎಂದೇ ನಾನು ತಿಳಿದಿದ್ದೆ. ನಿಲ್ಲಿಸಿರಲಿಲ್ಲ.

"ಏನ್ ಮಾಡ್ಲಿ ಹೇಳಿ, ಒಪ್ಕೊಂಡು ಸಿಕ್ಕಿಹಾಕ್ಕೊಂಡೆ. ಇದೊಂದು ಪೀಡೆ ಗಂಟುಬಿದ್ದಿದೆ. ಕುರುಡನಿಗೆ ಯಾರು ಕೆಲಸ ಕೊಡ್ತಾರೆ ಅಂತ ಓದ್ತಾನೋ."

ಅದು ನನ್ನ ದನಿ, ಸಂಶಯವಿಲ್ಲ. ಅದರ ಹಿಂದೆಯೇ ಗಂಟಲು ಸರಿಮಾಡಿಕೊಂಡು, ಕೆಳದಿಯ ಕಂದಾಯ ಪದ್ಧತಿಯನ್ನು ಸ್ಪಷ್ಟವಾಗಿ, ಇಂಪಾಗಿ ಓದತೊಡಗಿದ್ದೆ.

ಅವನು ಅದನ್ನು ದಿನಾ ಕೇಳಿದ್ದ. ಅವನ ತಾಯಿಯೂ ಕೇಳಿದ್ದರು. ಪರೀಕ್ಷೆಯ ತನಕ ಎಷ್ಟು ಸಲವೋ, ನನಗೆ ಗೊತ್ತಿಲ್ಲ. ಆ ಜಾಗ ಬಂದಾಗ ಮುಂದಕ್ಕೆ ಓಡಿಸುತ್ತಿದ್ದನೋ, ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದನೋ. ಹಿಂದಿನ ದಿನ ಆ ತಾಯಿ ಬಾಯಿಪಾಠ ಆಗಿದೆ ಎಂದಾಗ ಅವರ ಮುಖ ಹೇಗಿತ್ತು ಎಂದು ನೆನೆಸಿಕೊಳ್ಳಲು ನೋಡಿದೆ. ನಾನು ಕಾಫಿ ಲೋಟ ನೋಡುತ್ತಿದ್ದೆ, ಮುಖ ನೋಡಿರಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಭದ್ರಾವತಿಗೆ ಹೋದೆ. ಸಾಮಾನೆಲ್ಲ ಜಗಲಿಗೆ ಬಂದಿತ್ತು. ಅವನು ಸುತ್ತಿಟ್ಟ ಹಾಸಿಗೆಯ ಮೇಲೆ ಕೂತಿದ್ದ. ನಾನು ನಿಂತುಕೊಂಡೇ, ಕ್ಯಾಸೆಟ್ ಕೇಳಿದೆ ಅಂದೆ.

ಅವನೇ ಹೇಳಿದ. "ಪೀಡೆ ಅಂದಿದ್ದಾ? ನಿಜ ತಾನೇ ಅದು. ನಂಗೂ ನಾನು ಹಾಗೇ ಅನ್ಸಿದ್ದಿದೆ, ಬಿಡು."

"ನಂಗೆ ಮನಸ್ಸಲ್ಲಿ ಹಾಗಿರ್ಲಿಲ್ಲ ಕಣೋ. ಏನೋ ಕೆಲಸದ ಬೇಜಾರಲ್ಲಿ..."

"ಇತ್ತು. ಇಲ್ಲದೇ ಬಾಯಿಗೆ ಬರಲ್ಲ." ಸಮಾಧಾನವಾಗಿಯೇ ಹೇಳಿದ. "ಆದ್ರೆ ಓದಿದ್ದು ನೀನೊಬ್ಬಳೇ. ಅದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಕೊಂಡು ಏನು ಮಾಡ್ಬೇಕು ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ."

ಆಮೇಲೆ ಕೇಳಿದ: "ಇತಿಹಾಸ ಬರೆದು ಮುಗೀತಾ?"

"ಇಲ್ಲ."

"ಬರಿ. ಅದ್ರಲ್ಲಿ ನನ್ನ ಹೆಸರು ಹಾಕ್ಬೇಡ." ಯಾಕೆ ಎಂದು ನಾನು ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಹೊರಡುವಾಗ ಅವನ ತಾಯಿ ಹಣೆಗೆ ಕುಂಕುಮ ಇಟ್ಟು, ಹುಷಾರಾಗಿ ಹೋಗು ಕಣ್ಣು ಅಂದರು. ಆ ಶಬ್ದಕ್ಕೆ ನಾನು ಹೆದರಿದ್ದು ಅದೇ ಮೊದಲು.

ಅವರು ಆ ವಾರವೇ ಊರು ಬಿಟ್ಟರು. ಶಾಸನ ಓದುತ್ತಿದ್ದವನು ಕನ್ನಡದ ಬೋರ್ಡೂ ಇಲ್ಲದ ಊರಿಗೆ ಹೋದ. ಬೋರ್ಡು ಇದ್ದಿದ್ದರೂ ಅವನಿಗೇನು ಎಂದು ಆಮೇಲೆ ಅನಿಸಿತು. ನಾನು ಎರಡು ಕಾಗದ ಹಾಕಿದೆ. ಯಾರಾದರೂ ಅವನಿಗೆ ಓದಿ ಹೇಳಿರಬಹುದು, ಹೇಳದೆಯೂ ಇರಬಹುದು. ಅಲ್ಲಿ ಕನ್ನಡ ಓದುವವರು ಯಾರಿದ್ದಾರೆ ಎಂದು ನಾನು ಕೇಳಿಕೊಂಡಿರಲಿಲ್ಲ. ಉತ್ತರ ಬರಲಿಲ್ಲ.

ಇತಿಹಾಸ ಬರೆದೆ. 'ಸಮಾನ ಮನಸ್ಕ ಹಳೆಯ ವಿದ್ಯಾರ್ಥಿಗಳು ಒಂದೆಡೆ ಸೇರಿ ಈ ಸಂಘವನ್ನು ಕಟ್ಟಿದರು' ಎಂದು ಶುರುವಾಗುತ್ತದೆ ಅದು. ಸೊರಬದ ಹುಡುಗಿ ಅದರಲ್ಲಿಲ್ಲ. ಅವನೂ ಇಲ್ಲ. ಅವನು ಬೇಡ ಎಂದದ್ದು ನನಗೆ ಅನುಕೂಲವೇ ಆಯಿತು ಎಂಬುದನ್ನು ಬರೆಯುವಾಗ ತಿಳಿದುಕೊಂಡೆ. ಉದ್ದೇಶಗಳು ಮೂರು ಎಂದು ಬರೆದು ಮೂರನ್ನೂ ಹಾಕಿದೆ. ಪುಸ್ತಿಕೆಯ ಕಾಗದ ನುಣುಪಾಗಿತ್ತು, ಬಣ್ಣದ ಫೋಟೋಗಳಿದ್ದವು, ಎಲ್ಲವೂ ಶಾಲು ಹೊದಿಸುವ ಫೋಟೋಗಳೇ.

ಪರಿಶೀಲನಾ ಸಮಿತಿ ಬಂದ ದಿನ ನಮ್ಮನ್ನು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಕೂರಿಸಿದ್ದರು. ಹೊರರಾಜ್ಯದಿಂದ ಬಂದಿದ್ದ ವಯಸ್ಸಾದ ಪ್ರೊಫೆಸರೊಬ್ಬರು ಪುಸ್ತಿಕೆ ತಿರುವಿ ಹಾಕಿ, ಪಕ್ಕದವರ ಕೈಲಿ ಉದ್ದೇಶಗಳನ್ನು ಇಂಗ್ಲಿಷಿಗೆ ಮಾಡಿಸಿ ಕೇಳಿಸಿಕೊಂಡು, ಮೂರನೆಯದರ ಹತ್ತಿರ ಬೆರಳಿಟ್ಟರು. ಮೆಚ್ಚಿಗೆಯಿಂದ ತಲೆಯಾಡಿಸಿದರು. ಇದಕ್ಕೊಂದು ಉದಾಹರಣೆ ಕೊಡುತ್ತೀರಾ ಎಂದು ನನ್ನನ್ನು ಕೇಳಿದರು.

ಅಧ್ಯಕ್ಷರು ನನ್ನ ಕಡೆ ನೋಡಿದರು. ಎಲ್ಲರೂ ನೋಡುತ್ತಿದ್ದರು. ನಮ್ಮ ಸದಸ್ಯರಲ್ಲಿ ದೃಷ್ಟಿ ಕಳೆದುಕೊಂಡ ಒಬ್ಬರು ಪರೀಕ್ಷೆಗೆ ಓದುತ್ತಿದ್ದಾಗ, ಪಾಠಗಳನ್ನು ಕ್ಯಾಸೆಟ್ಟಿಗೆ ಓದಿಕೊಟ್ಟಿದ್ದೆವು ಎಂದು ನಾನು ಹೇಳಿದೆ. ಓದಿಕೊಟ್ಟಿದ್ದೆವು ಎಂದೇ ಹೇಳಿದೆ. ಅವರು "ವೆರಿ ಗುಡ್" ಎಂದು ಬರೆದುಕೊಂಡರು. ಆ ವ್ಯಕ್ತಿಗೆ ಕೆಲಸ ಸಿಕ್ಕಿತೇ ಎಂದು ಅವರು ಕೇಳಲಿಲ್ಲ. ಊಟಕ್ಕೆ ಹೊತ್ತಾಗಿತ್ತು.

ಬಾಳೆಯೆಲೆ ಹಾಕಿ ಬಡಿಸಿದರು. ಅಧ್ಯಕ್ಷರು ನನ್ನ ಪಕ್ಕದಲ್ಲೇ ಕೂತಿದ್ದರು. "ಒಳ್ಳೆ ಸಮಯಕ್ಕೆ ನೆನಪು ಮಾಡ್ಕೊಂಡ್ರಿ ಮೇಡಂ, ನಂಗೆ ಮರ್ತೇ ಹೋಗಿತ್ತು," ಅಂದರು. ನಿಜವಾಗಿಯೂ ಸಂತೋಷಪಟ್ಟಿದ್ದರು. ಕಾಯಿ ಹೋಳಿಗೆ ಮಾಡಿಸಿದ್ದರು. ಬಡಿಸುವವರು ಎರಡನೇ ಸಲ ಬಂದಾಗ ನಾನು ಬೇಡ ಎನ್ನಲಿಲ್ಲ.